ಮೀನುಬಾಲದ ಬೀಜ

ತೊಟ್ಟು ನೋಡಿ ತಾಳೆಗರಿ ಕೊಯ್ದವರು ಯಾರೆಂದು ಹೇಳಿಬಿಡುತ್ತಿದ್ದಳು ಕಾಂದೆಲಾರಿಯ. ದೊನ್ ರುಫೀನೊನ ಗರಿ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ಅವಳ ಕೆಲಸವೇ ಅದು. ಕಾಡಿನಿಂದ ಬಂದ ಕಟ್ಟು ಬಿಚ್ಚಬೇಕು, ಒಂದೊಂದೇ ಗರಿಯನ್ನು ಬೆಳಕಿಗೆ ಹಿಡಿಯಬೇಕು, ಚುಕ್ಕೆ ಬಿದ್ದದ್ದು, ಹುಳು ತಿಂದದ್ದು, ಅಂಚು ಹಳದಿಯಾದದ್ದನ್ನು ನೆಲಕ್ಕೆ ಎಸೆಯಬೇಕು, ಒಳ್ಳೆಯದನ್ನು ಒದ್ದೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ಅವಸರದ ಮನುಷ್ಯ ಕೊಯ್ದ ತೊಟ್ಟು ಸೀಳಿರುತ್ತದೆ. ಮುದುಕ ಕೊಯ್ದದ್ದು ಜಜ್ಜಿದಂತಿರುತ್ತದೆ. ಅವಳ ಗಂಡ ಹಸಿಂತೊ ಎಡಚ. ಎಲ್ಲರ ತೊಟ್ಟೂ ಬಲಕ್ಕೆ ಓರೆಯಾಗಿದ್ದರೆ ಅವನದು ಎಡಕ್ಕೆ ಓರೆ. ನೂರು ಗರಿಯ ನಡುವೆ ಒಂದಿದ್ದರೂ ಅವಳ ಬೆರಳಿಗೆ ಸಿಕ್ಕಿಬಿಡುತ್ತಿತ್ತು.

ಪೆತೇನ್ ಕಾಡಿನ ಪೂರ್ವದ ಅಂಚಿನಲ್ಲಿರುವ ಸಾಂತ ಒಬ್ದುಲಿಯ ಎಂಬ ಊರು ನಿಂತಿರುವುದೇ ಶಾತೆಯ ಮೇಲೆ. ಶಾತೆಯೆಂದರೆ ಮೊಣಕಾಲುದ್ದದ, ಹೆಚ್ಚೆಂದರೆ ಸೊಂಟದುದ್ದದ ಪುಟ್ಟ ತಾಳೆ. ದೊಡ್ಡ ಮರಗಳ ನೆರಳಲ್ಲಿ, ಸುಣ್ಣಕಲ್ಲಿನ ಸಂದಿಯಲ್ಲಿ ಬೆಳೆಯುತ್ತದೆ. ಕೊಯ್ದ ಗರಿ ತಿಂಗಳು ಕಳೆದರೂ ಬಾಡುವುದಿಲ್ಲ. ಹಾಗಾಗಿ ಲಾರಿಯೇರಿ, ವಿಮಾನವೇರಿ ಉತ್ತರದ ದೇಶಗಳಿಗೆ ಹೋಗಿ ಹೂಗುಚ್ಛಗಳಲ್ಲಿ ಕೂರುತ್ತದೆ, ಗರಿಗಳ ಭಾನುವಾರ ಅಲ್ಲಿಯ ಚರ್ಚುಗಳಲ್ಲಿ ಜನರ ಕೈಗೆ ಬರುತ್ತದೆ. ಊರಿನವರಿಗೂ ಅದು ಬೇಕು. ಮದುವೆಯ ಕಮಾನಿಗೆ, ಕ್ರಿಸ್ಮಸ್ಸಿನ ಗೋದಲಿಗೆ, ಸತ್ತವರ ಹಬ್ಬದ ದಿನ ಮನೆಯ ಪೀಠಕ್ಕೆ. ಕಾಂದೆಲಾರಿಯಳ ಮದುವೆಯಲ್ಲಿ ಬಾಗಿಲಿಗೆ ಕಟ್ಟಿದ್ದೂ ಅದೇ. ಅವಳ ಭಾವ ಕ್ರೆಸೆನ್ಸಿಯೊ ಕಾಡಿಗೆ ಹೋದವನು ಮರಳದೆ, ಹೆಣವಿಲ್ಲದೆಯೇ ಪೂಜೆ ಮಾಡಿಸಿದ ದಿನ ಅವನ ಫೋಟೊದ ಸುತ್ತ ಸಿಕ್ಕಿಸಿದ್ದೂ ಅದೇ.

ಶಾತೆಯಲ್ಲೆಲ್ಲ ಬೆಲೆಯುಳ್ಳದ್ದು ಮೀನುಬಾಲ. ಒಂದೇ ಅಗಲವಾದ ಎಲೆ, ತುದಿಯಲ್ಲಿ ಎರಡಾಗಿ ಸೀಳಿ, ಥೇಟ್ ಮೀನಿನ ಬಾಲದಂತಿರುತ್ತದೆ. ಊರಿನ ಸುತ್ತಲ ಕಾಡಿನಲ್ಲಿ ಅದನ್ನು ಬರಿಗಿಡ ಮಾಡಿ ಮುಗಿಸಿ ವರ್ಷಗಳಾಗಿದ್ದವು. ಗಡಿಯಾಚೆ, ಬೆಲೀಜ್ ದೇಶದ ಕಾಡಿನಲ್ಲಿ ಇನ್ನೂ ಇತ್ತು. ಆದರೆ ಅಲ್ಲಿ ಕೊಯ್ಯುವುದು ಕಳ್ಳತನ. ಅಲ್ಲಿಯ ಸಿಪಾಯಿಗಳು ಕಾವಲು ತಿರುಗುತ್ತಿದ್ದರು. ಹಾಗಿದ್ದೂ ಗಂಡಸರು ಹೋಗುತ್ತಿದ್ದರು. ಹದಿನೈದು ದಿನ ಅಂತ ಹೇಳಿ ಹೋಗುತ್ತಿದ್ದರು. ಆ ಹದಿನೈದು ದಿನ ಕಾಂದೆಲಾರಿಯ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ನಾಯಿ ಬೊಗಳಿದರೆ ಎದ್ದು ಬಾಗಿಲಿಗೆ ಹೋಗುವಳು. ನಾಯಿ ಬೊಗಳದೆ ಸುಮ್ಮನಿದ್ದರೂ ಹೋಗುವಳು.

ಆ ವರ್ಷ ಮಾರ್ಚಿನಲ್ಲಿ, ಕಾಡು ಒಣಗಿ ಕಾಲಿಟ್ಟಲ್ಲೆಲ್ಲ ಸದ್ದಾಗುವ ಹೊತ್ತಿನಲ್ಲಿ, ಹಸಿಂತೊ ಮೂವರ ಜೊತೆ ಹೊರಟು ನಿಂತ. ಹಿಂದಿನ ದಿನ ಅವನು ಮಚ್ಚು ಮಸೆಯುತ್ತಿದ್ದಾಗ ಅವಳು ಪಕ್ಕ ಕೂತು ಮೆಲ್ಲಗೆ ಕೇಳಿದಳು.

"ಈ ಸಲ ಬರ್ತಾ ಮೀನುಬಾಲದ ಬೀಜ ತರ್ತೀಯಾ?"

"ಬೀಜಾನಾ? ಯಾಕೆ, ಸಾರಿಗೆ ಹಾಕ್ತೀಯಾ?"

"ಹಿತ್ತಿಲಲ್ಲಿ ಹಾಕ್ತೀನಿ. ರಮೋನ್ ಮರದ ನೆರಳು ಚೆನ್ನಾಗಿದೆ."

"ಹಿತ್ತಿಲಲ್ಲಿ ಬೆಳೆಯೋ ಹಾಗಿದ್ರೆ ದೇವರು ಕಾಡು ಯಾಕೆ ಮಾಡ್ತಿದ್ದ ಮಾರಾಯ್ತಿ?" ಅವನು ನಕ್ಕ. ಅವಳು ನಗಲಿಲ್ಲ. ಅದನ್ನು ನೋಡಿ ಅವನು ಮಸೆಯುವುದನ್ನು ನಿಲ್ಲಿಸಿದ.

"ಸರಿ, ಸಿಕ್ಕಿದ್ರೆ ತರ್ತೀನಿ. ಅಮ್ಮನಿಗೆ ಹೇಳ್ಬೇಡ. ವರ್ಷಗಟ್ಲೆ ಆಡ್ಕೊಂಡು ನಗ್ತಾಳೆ."

ಅಮ್ಮನೆಂದರೆ ದೋನ್ಯಾ ಪೆತ್ರೋನಾ, ಕಾಂದೆಲಾರಿಯಳ ಅತ್ತೆ. ಅದೇ ಮನೆ, ಅದೇ ಒಲೆ. ನಾಲಿಗೆ ಚೂಪು. ಮಾತಾಡದೆ ಇದ್ದರೆ ಇನ್ನೂ ಚೂಪು. ಹಿರಿಮಗ ಕ್ರೆಸೆನ್ಸಿಯೊ ಹೋದ ಮೇಲೆ ಅವಳು ಕಾಡಿನ ಕಡೆಯ ಕಿಟಕಿಗೆ ಹಲಗೆ ಹೊಡೆಸಿಬಿಟ್ಟಿದ್ದಳು.

ಹದಿಮೂರನೆಯ ದಿನ. ಗರಿಗಳ ಭಾನುವಾರ ಹತ್ತಿರ ಬಂದಿದ್ದರಿಂದ ಕೊಟ್ಟಿಗೆಯಲ್ಲಿ ಹೆಂಗಸರಿಗೆ ತಲೆಯೆತ್ತಲು ಬಿಡುವಿರಲಿಲ್ಲ. ಎವೇಲಿಯೊ ಎಂಬುವನು ಹೇಸರಗತ್ತೆಯ ಮೇಲೆ ಎರಡು ಹೊರೆ ತಂದು ಇಳಿಸಿ, ಯಾರ ಮುಖವನ್ನೂ ನೋಡದೆ ಬಾಗಿಲ ಹತ್ತಿರ ಹೋಗಿ ನಿಂತ. ಅವನು ಹಸಿಂತೊನ ಜೊತೆ ಹೋದ ಮೂವರಲ್ಲಿ ಒಬ್ಬ. ಕಾಂದೆಲಾರಿಯ ಅವನನ್ನು ಕಂಡು, ಇವನು ಬಂದನೆಂದರೆ ಹಸಿಂತೊನೂ ಮನೆಗೆ ಬಂದಿರುತ್ತಾನೆ, ಸಂಜೆಗೆ ಪಕಾಯ ತಾಳೆಯ ಹೂವನ್ನು ಮೊಟ್ಟೆಯಲ್ಲಿ ಅದ್ದಿ ಕರಿಯಬೇಕು ಎಂದುಕೊಂಡು ಒಂದು ಹೊರೆಯನ್ನು ತನ್ನ ಮೇಜಿಗೆ ಎಳೆದುಕೊಂಡಳು. ಕಟ್ಟು ಬಿಚ್ಚಿದಳು. ಮೊದಲ ಗರಿಯ ತೊಟ್ಟು ಎಡಕ್ಕೆ ಓರೆಯಾಗಿತ್ತು. ಎರಡನೆಯದೂ. ಇಡೀ ಕಟ್ಟೇ ಹಾಗಿತ್ತು.

ಅವಳು ಗರಿ ಹಿಡಿದುಕೊಂಡೇ ಎದ್ದುಹೋದಳು.

"ಎವೇಲಿಯೊ, ಇದು ಹಸಿಂತೊನ ಹೊರೆ. ಅವನೆಲ್ಲಿ?"

ಎವೇಲಿಯೊ ಟೋಪಿ ತೆಗೆದ. ಮತ್ತೆ ಹಾಕಿಕೊಂಡ.

"ಮನೆಗೆ ಬಂದಿಲ್ವಾ ಅಕ್ಕಾ?"

"ಬಂದಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ?"

ಕೊಟ್ಟಿಗೆಯಲ್ಲಿ ಎಲ್ಲರ ಕೈಯೂ ನಿಂತಿತು. ಎವೇಲಿಯೊ ತೊದಲುತ್ತ ಹೇಳಿದ. ಎಂಟನೆಯ ದಿನ ಬೆಳಿಗ್ಗೆ ಸಿಪಾಯಿಗಳು ಬಂದರು. ಗಾಳಿಯಲ್ಲಿ ಎರಡು ಗುಂಡು ಹಾರಿಸಿದರು. ಮೂವರೂ ಬಿಡಾರದಲ್ಲಿದ್ದರು, ಒಟ್ಟಿಗೆ ಓಡಿದರು. ಹಸಿಂತೊ ಮಾತ್ರ ಅವತ್ತು ಒಬ್ಬನೇ ಎಲ್ಲಿಗೋ ಹೋಗಿದ್ದ. ಎರಡು ದಿನ ಬಿಟ್ಟು ಮೆಲ್ಲಗೆ ಮರಳಿ ಬಂದು ನೋಡಿದರೆ, ಬತ್ತಿದ ಹಳ್ಳದ ದಂಡೆಯಲ್ಲಿ ಅವನ ಹೊರೆ ಕಟ್ಟಿಟ್ಟಂತೆಯೇ ಇತ್ತು. ಅವನಿರಲಿಲ್ಲ.

"ಮುಂದೆ ಹೋಗಿರ್ತಾನೆ ಅಂದ್ಕೊಂಡ್ವಿ ಅಕ್ಕಾ. ನನ್ನಾಣೆ. ಮಾರ್ಕೊಳೋಕೆ ತಂದಿದ್ದಲ್ಲ, ಅವನ ಹೆಸರಿಗೇ ಬರೆಸೋಣ ಅಂತ."

"ಊರಿಗೆ ಬಂದ ಮೇಲೆ ನಮ್ಮನೆ ಬಾಗಿಲಿಗೆ ಯಾಕೆ ಬರ್ಲಿಲ್ಲ?"

"ಹೆದರಿಕೆ ಆಯ್ತು." ಗಟ್ಟಿಮುಟ್ಟಾದ ಗಂಡಸು, ಹೆಂಗಸರ ಎದುರಿಗೇ ಅಳಲು ಶುರುಮಾಡಿದ.

ಕಾಂದೆಲಾರಿಯಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಒಬ್ಬನೇ ಎಲ್ಲಿಗೋ ಹೋಗಿದ್ದ. ಎಲ್ಲಿಗೆಂದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದು ಹೇಳಿದಾಗ ಪೆತ್ರೋನಾ ಮುಸುಕಿನ ಜೋಳ ಬಿಡಿಸುತ್ತಿದ್ದಳು. ಅಳಲಿಲ್ಲ. ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಬಿಡಿಸಿ ಮುಗಿಸಿದಳು. ಆಮೇಲೆ ಎದ್ದು ಇದ್ದ ರೊಟ್ಟಿಯನ್ನೆಲ್ಲ ಬಟ್ಟೆಯಲ್ಲಿ ಕಟ್ಟಿದಳು, ಮಂಚದ ಕೆಳಗಿನಿಂದ ಒಂದು ಜೊತೆ ರಬ್ಬರ್ ಬೂಟು ಎಳೆದು ಮುಂದಿಟ್ಟಳು. ಕ್ರೆಸೆನ್ಸಿಯೊನ ಬೂಟು.

"ಹಾಕ್ಕೋ. ಈ ಬಿಸಿಲಿಗೆ ಹಾವು ಹಳ್ಳದಲ್ಲೇ ಮಲಗಿರ್ತವೆ."

"ಅತ್ತೆ, ಗಂಡಸರು ಯಾರಾದ್ರೂ..."

"ಗಂಡಸರು ನಾಳೆ ಅಂತಾರೆ. ಆ ಸಲ ನಾನು ಅವರ ಮಾತು ಕೇಳಿ ಎಂಟು ದಿನ ಕಾದೆ. ನೀನು ಕಾಯ್ಬೇಡ."

ಗಂಡಸರು ನಾಳೆ ಎಂದೇ ಅಂದರು. ಕಾವಲು ಜೋರಾಗಿದೆ, ಹೋದವರೂ ಸಿಕ್ಕಿಬೀಳುತ್ತಾರೆ, ಅವನು ಅಲ್ಲಿಯ ಜೈಲಿನಲ್ಲಿದ್ದರೆ ಹೇಗೂ ಸುದ್ದಿ ಬರುತ್ತದೆ. ದೊನ್ ರುಫೀನೊ ಮಾತ್ರ ತನ್ನ ಹೇಸರಗತ್ತೆ ಬಿಚ್ಚಿಕೊಟ್ಟ. ದಾರಿ ತೋರಿಸಲು ಎವೇಲಿಯೊ ಬಂದ. ಬರುವುದಿಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ.

ಹಳ್ಳದ ದಂಡೆ ತಲುಪಿದಾಗ ಮರುದಿನ ಮಧ್ಯಾಹ್ನ. ಗಡಿ ದಾಟಿ ಒಂದು ಗಂಟೆಯ ನಡಿಗೆ. ಕೂಗುವ ಹಾಗಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಅವನಿಗೆ ಕೇಳುವ ಮೊದಲು ಸಿಪಾಯಿಗಳಿಗೆ ಕೇಳಿಸುತ್ತದೆ. ಗಂಡನನ್ನು ಹುಡುಕಲು ಹೋದವಳು ಬಾಯಿ ಮುಚ್ಚಿಕೊಂಡು ಹುಡುಕಬೇಕು. ಎಲ್ಲೋ ಅರಚುವ ಕೋತಿಗಳು ಗಂಟಲು ಬಿಚ್ಚಿದಾಗಲೆಲ್ಲ ಅವಳು ತಟ್ಟನೆ ಮರದ ಮರೆಗೆ ಸರಿಯುತ್ತಿದ್ದಳು.

"ಇಲ್ಲೇ ಇತ್ತು ಹೊರೆ," ಎವೇಲಿಯೊ ಪಿಸುಗುಟ್ಟಿದ. "ಇಲ್ಲಿಂದ ನಾಲ್ಕು ದಿಕ್ಕೂ ಕಾಡೇ. ಎಲ್ಲಿ ಅಂತ ಹುಡುಕ್ತೀಯಾ ಅಕ್ಕಾ?"

ಅವಳು ದಿಕ್ಕು ನೋಡುತ್ತಿರಲಿಲ್ಲ, ಗಿಡ ನೋಡುತ್ತಿದ್ದಳು. ಸುತ್ತ ಮೀನುಬಾಲದ ಗಿಡಗಳು. ಕೆಲವನ್ನು ಪೂರ್ತಿ ಬೋಳಿಸಿದ್ದರು. ಕೆಲವುಗಳಲ್ಲಿ ಎರಡು ಗರಿ ಬಿಟ್ಟು ಉಳಿದದ್ದನ್ನು ಕೊಯ್ದಿದ್ದರು. ಹಾಗೆ ಬಿಡುವವನು ಹಸಿಂತೊ ಒಬ್ಬನೇ. ಬಗ್ಗಿ ತೊಟ್ಟು ಮುಟ್ಟಿದಳು. ಎಡಕ್ಕೆ ಓರೆ. ಐದು ಹೆಜ್ಜೆಯಾಚೆ ಮತ್ತೊಂದು. ಅದರಾಚೆ ಇನ್ನೊಂದು. ಕೊಟ್ಟಿಗೆಯ ಮೇಜಿನ ಮುಂದೆ ಕೂತು ಕಲಿತ ವಿದ್ಯೆ ಅವಳನ್ನು ಗಿಡದಿಂದ ಗಿಡಕ್ಕೆ ಏರಿನ ಮೇಲೆ ಎಳೆದುಕೊಂಡು ಹೋಯಿತು. ಒಂದು ಕಡೆ ಬಂದು ಕೊಯ್ಲು ನಿಂತುಹೋಯಿತು. ಮುಂದಿನ ಗಿಡಗಳಲ್ಲಿ ಗರಿಯೆಲ್ಲ ಇತ್ತು. ಎವೇಲಿಯೊ ನಿಟ್ಟುಸಿರು ಬಿಟ್ಟ.

ಆದರೆ ಅವಳ ಕಣ್ಣು ಬುಡಕ್ಕೆ ಹೋಗಿತ್ತು. ಒಂದು ಗಿಡದಲ್ಲಿ ಕೆಂಪು ಕಿತ್ತಳೆ ಬಣ್ಣದ ಕಾಯಿದಂಟು, ಅದರ ಮೇಲೆ ಒಂದೂ ಕಾಯಿಯಿಲ್ಲ. ಪಕ್ಕದ ಗಿಡದಲ್ಲೂ ಹಾಗೆ. ಹಕ್ಕಿ ತಿಂದಿದ್ದರೆ ನಾಲ್ಕಾದರೂ ಉಳಿಯುತ್ತಿದ್ದವು. ಇದು ಬೆರಳಿನಿಂದ ಬಿಡಿಸಿದ್ದು. ಬೀಜ ತರ್ತೀಯಾ ಎಂದು ಕೇಳಿದ ತನ್ನದೇ ದನಿ ಕಿವಿಯಲ್ಲಿ ಮೊಳಗಿತು.

ಬರಿದಾದ ಕಾಯಿದಂಟುಗಳ ಹಿಂದೆಯೇ ಹೋದಳು. ಏಳನೆಯ ಗಿಡದಾಚೆ ನೆಲ ತಟ್ಟನೆ ಕುಸಿದು, ಬಳ್ಳಿ ಮುಚ್ಚಿದ ಸುಣ್ಣಕಲ್ಲಿನ ಗುಂಡಿಯೊಂದು ಬಾಯಿ ತೆರೆದಿತ್ತು. ಕೆಳಗೆ ಬಿದ್ದಿದ್ದ ಆಕಾರವನ್ನು ಮೊದಲು ಮರದ ಕೊರಡು ಎಂದುಕೊಂಡಳು. ಆ ಕೊರಡಿಗೆ ನೀಲಿ ಅಂಗಿಯಿತ್ತು.

"ಹಸಿಂತೊ," ಎಂದಳು, ಪಿಸುದನಿಯಲ್ಲಿ. ಎರಡನೆಯ ಸಲ ಪಿಸುದನಿ ಮರೆತುಹೋಗಿ ಕಾಡಿಗೆಲ್ಲ ಕೇಳುವಂತೆ ಕೂಗಿಬಿಟ್ಟಳು.

ಕೊರಡು ಕೈಯೆತ್ತಿತು.

ಗುಂಡು ಹಾರಿದ ಸದ್ದಿಗೆ ಬೆಚ್ಚಿ ಓಡಿ ಬಿದ್ದಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಕುಂಬಳಕಾಯಿಯಂತೆ ಊದಿತ್ತು. ಕೈಗೆಟುಕಿದ ನೀರುಬಳ್ಳಿಯನ್ನು ಮಚ್ಚಿನಿಂದ ತುಂಡರಿಸಿ ಹನಿಹನಿಯಾಗಿ ಕುಡಿದು ಆರು ದಿನ ಬದುಕಿದ್ದ. ಮೈ ಕೆಂಡದಂತೆ ಸುಡುತ್ತಿತ್ತು. ಹೆಂಡತಿಯನ್ನು ನೋಡಿ ಅವನು ಆಡಿದ ಮೊದಲ ಮಾತು, "ನೀನಾ? ಇಲ್ಲಿಗ್ಯಾಕೆ ಬಂದೆ, ಸಿಪಾಯಿಗಳಿದಾರೆ." ಎವೇಲಿಯೊ ಎರಡು ಕೊಂಬೆ ಕಡಿದು ಕಾಲಿಗೆ ಕಟ್ಟಿದ. ಮಲಗಲು ತಂದಿದ್ದ ಜೋಲಿಯಲ್ಲಿ ಅವನನ್ನು ಸುತ್ತಿ ಮೇಲಕ್ಕೆಳೆದು ಹೇಸರಗತ್ತೆಯ ಮೇಲೆ ಹಾಕಿಕೊಂಡು ಹೊರಟರು. ಗಡಿಗೆಂದು ಮರ ಕಡಿದು ಮಾಡಿದ ಬಯಲುಪಟ್ಟೆ ದಾಟುವವರೆಗೆ ಅವನು ನರಳದಿರಲೆಂದು ಅವಳು ತನ್ನ ಶಾಲಿನ ತುದಿಯನ್ನು ಅವನ ಹಲ್ಲಿನ ನಡುವೆ ಇಟ್ಟಿದ್ದಳು. ಯಾರೂ ಎದುರಾಗಲಿಲ್ಲ. ಎದುರಾಗದ ಆ ಒಂದು ಗಂಟೆಯ ದಾರಿಯಷ್ಟು ಉದ್ದದ ದಾರಿಯನ್ನು ಅವಳು ಮತ್ತೆಂದೂ ನಡೆಯಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಕಾಲು ಉಳಿಸಿದರು, ಆದರೆ ಎರಡು ಬೆರಳಷ್ಟು ಗಿಡ್ಡವಾಯಿತು. ಕಾಡಿನ ಏರಿಳಿತ ಇನ್ನು ಅವನಿಗಿಲ್ಲ. ಮನೆಗೆ ಕರೆತಂದ ದಿನ ಕಾಂದೆಲಾರಿಯ ನೀಲಿ ಅಂಗಿ ಒಗೆಯಲು ಕುಳಿತಾಗ ಜೇಬಿನಲ್ಲಿ ಗಂಟು ಸಿಕ್ಕಿತು. ಬಿಚ್ಚಿದರೆ ಮೆಣಸಿನ ಕಾಳಿನಂಥ ಕಪ್ಪು ಬೀಜ, ಎಪ್ಪತ್ತಕ್ಕೆ ಎರಡು ಕಡಿಮೆ. ಕೈ ಒಲೆಯ ಕಡೆಗೇ ಹೋಯಿತು. ಹಾಕಲಾಗಲಿಲ್ಲ. ಉಪ್ಪಿನ ಡಬ್ಬಿಯ ಹಿಂದೆ ಅಡಗಿಸಿಟ್ಟಳು.

ಅಡುಗೆಮನೆಯಲ್ಲಿ ಪೆತ್ರೋನಾಳ ಕಣ್ಣಿಗೆ ಬೀಳದ್ದು ಏನಿತ್ತು? ನಾಲ್ಕನೆಯ ದಿನ ಅವಳು ಗಂಟು ತೆಗೆದು ಮುಂದಿಟ್ಟಳು.

"ಇದೇನೇ ಇದು?"

"ಬೀಜ, ಅತ್ತೆ. ಹಸಿಂತೊ... ಅವನಿಗೇ ಏನೋ ತೋಚಿ ತಂದಿದಾನೆ." ಸುಳ್ಳು ನಾಲಿಗೆ ತುದಿಯಲ್ಲಿ ಸುಟ್ಟಿತು.

ಪೆತ್ರೋನಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಗಂಟು ಹಿಡಿದು ಹಿತ್ತಿಲಿಗೆ ಹೋದಳು. ಬೀಜವನ್ನು ನೀರಲ್ಲಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ರಮೋನ್ ಮರದ ಕೆಳಗೆ ಕೊಳೆತ ಎಲೆಮಣ್ಣಿನ ಪಾತಿ ಮಾಡಿ, ಒಂದೊಂದನ್ನೇ ಬೆರಳಿನಿಂದ ಒತ್ತಿ ಮುಚ್ಚಿದಳು. ಸೊಸೆಗೆ ಒಂದೂ ಮುಟ್ಟಲು ಬಿಡಲಿಲ್ಲ.

ಒಂದು ತಿಂಗಳಾಯಿತು, ಎರಡಾಯಿತು. ಏನೂ ಏಳಲಿಲ್ಲ. ಮಳೆ ಬಂತು, ಪಾತಿಯಲ್ಲಿ ಕಳೆ ಎದ್ದಿತು. ಕೊಟ್ಟಿಗೆಯ ಹೆಂಗಸರಿಗೆ ನಗಲು ಸಿಕ್ಕಿತು. "ಕಾಂದೆ, ನಿನ್ನ ಮೆಣಸು ಹೂ ಬಿಡ್ತಾ?" "ಮೆಣಸಲ್ಲ ಕಣೇ, ಗಂಡನ ಕಾಲು ಬಿತ್ತಿದಾಳೆ, ಎರಡು ಬೆರಳು ಬೆಳೀಲಿ ಅಂತ!" ಅವಳು ನಕ್ಕಂತೆ ಮಾಡಿ ಗರಿ ಆರಿಸುತ್ತಿದ್ದಳು. ಮನೆಯಲ್ಲಿ ಹಸಿಂತೊ ಬೆಂಚಿನ ಮೇಲೆ ಕೂತು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಹೊಸ ಭಯವೊಂದು ಅವಳೊಳಗೆ ಗೂಡು ಕಟ್ಟಿತು. ಬೀಜ ಸತ್ತಿದ್ದರೆ, ಅವನ ಕಾಲು ಹೋಗಿದ್ದು ಬರೀ ಸುಮ್ಮನೆ. ದಿನವೂ ಕೆಲಸಕ್ಕೆ ಹೋಗುವ ಮೊದಲು ಪಾತಿಯ ಮುಂದೆ ಕೂರುವಳು. ಒಂದು ದಿನ ತಾಳಲಾರದೆ ಕಡ್ಡಿಯಿಂದ ಒಂದು ಬೀಜ ಕೆದಕಿ ಮೇಲೆತ್ತಿದಳು. ಹಿಂದಿನಿಂದ ಪೆತ್ರೋನಾ ಗದರಿದಳು.

"ಬಸುರಿಯ ಹೊಟ್ಟೆ ಬಗೆದು ನೋಡ್ತೀಯೇನೇ? ಮುಚ್ಚು ಅದನ್ನ!"

ಒಂಬತ್ತನೆಯ ತಿಂಗಳು ಮೊದಲ ಮೊಳಕೆ ಬಂತು, ಹಸಿರು ಸೂಜಿಯಂತೆ. ಆಮೇಲೆ ಹಿಂಡಾಗಿ. ಒಟ್ಟು ನಲವತ್ತೊಂದು. ಅದರಲ್ಲಿ ಐದನ್ನು ಕೋಳಿ ಕೆದರಿತು. ಅವತ್ತು ಪೆತ್ರೋನಾ ಆ ಕೋಳಿಯನ್ನೇ ಸಾರು ಮಾಡಿದಳು. ಮೊಳಕೆ ಕಂಡ ದಿನ ಹಸಿಂತೊ ಕೋಲು ಊರಿ ಹಿತ್ತಿಲಿಗೆ ಬಂದು, ಬಹಳ ಹೊತ್ತು ನೋಡಿ, "ಇಷ್ಟು ಒತ್ತೊತ್ತಾಗಿ ಬೆಳೆಯಲ್ಲ ಅವು. ಕಾಡಲ್ಲಿ ಒಂದಕ್ಕೊಂದು ಒಂದು ಮಾರು ಬಿಟ್ಟಿರ್ತವೆ," ಎಂದ. ತಿಂಗಳುಗಳ ಮೇಲೆ ಅವನಾಡಿದ ಉದ್ದನೆಯ ಮಾತು ಅದು. ಮರುದಿನದಿಂದ ಗಿಡ ಅವನ ಕೈಗೆ ಹೋಯಿತು.

ಮೂರನೆಯ ವರ್ಷ ಹೂ ಬಿಟ್ಟವು. ಮೊದಲು ಬಿಟ್ಟ ಹನ್ನೊಂದೂ ಹಳದಿ ಹುಡಿ ಉದುರಿಸುವ ಹೂಗಳು.

"ಎಲ್ಲಾ ಗಂಡೇ!" ಹಸಿಂತೊ ತಲೆ ಚಚ್ಚಿಕೊಂಡ. ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣಿಲ್ಲದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಈ ಮೂವತ್ತಾರಕ್ಕೇ ಎಲ್ಲ ಮುಗಿಯಿತು. ಮತ್ತೆ ಬೀಜಕ್ಕೆ ಗಡಿಯಾಚೆಗೇ ಹೋಗಬೇಕು. ಅವನು ಬೇಲಿಯಾಚೆ ಕಾಡಿನ ಕಡೆ ನೋಡಿದ. ಅವಳು ಅವನನ್ನು ನೋಡಿದಳು. ಎರಡು ವಾರ ಅವಳು ಅವನ ಬೂಟುಗಳನ್ನು ಪಕ್ಕದ ಮನೆಯಲ್ಲಿ ಬಚ್ಚಿಟ್ಟಿದ್ದಳು. ಅಷ್ಟರಲ್ಲಿ ಬೇಲಿಯ ಮೂಲೆಯ ಗಿಡವೊಂದು ಬೇರೆ ತರದ ಹೂದಂಟು ಹೊರಹಾಕಿತು. ಹೆಣ್ಣು. ಆಮೇಲೆ ಇನ್ನೂ ನಾಲ್ಕು. ಹುಳುಗಳನ್ನು ನಂಬದೆ ಹಸಿಂತೊ ಬೆಳಗಿನ ಬಿಸಿಲೇರಿದಾಗ ಗಂಡು ಹೂವನ್ನು ಕಾಗದದ ಮೇಲೆ ಕೊಡವಿ, ಕೋಳಿಪುಕ್ಕದಿಂದ ಹುಡಿಯನ್ನು ಹೆಣ್ಣಿಗೆ ಸವರಿದ. ಕಾಯಿ ಕಟ್ಟಿದವು.

ಕಾಯಿ ಕಪ್ಪಾದ ದಿನ ಅತ್ತೆ ಸೊಸೆ ಇಬ್ಬರೂ ಪಾತಿಯ ಹತ್ತಿರ ಕೂತಿದ್ದರು. ಕಾಂದೆಲಾರಿಯಳಿಗೆ ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗಲಿಲ್ಲ.

"ಅತ್ತೆ, ಬೀಜ ಬೇಕು ಅಂದಿದ್ದು ನಾನು. ನಾನು ಕೇಳದೆ ಇದ್ದಿದ್ರೆ ಅವನು ಬಿಡಾರ ಬಿಟ್ಟು ಹೋಗ್ತಿರ್ಲಿಲ್ಲ."

"ಗೊತ್ತು."

"ಗೊತ್ತಾ?"

"ಆಸ್ಪತ್ರೇಲಿ ಜ್ವರದಲ್ಲಿ ಬಡಬಡಿಸ್ತಿದ್ದ. ಕಾಂದೆಗೆ ಬೀಜ, ಕಾಂದೆಗೆ ಬೀಜ ಅಂತ." ಪೆತ್ರೋನಾ ಒಂದು ಒಣ ಎಲೆಯನ್ನು ಎತ್ತಿ ಆಚೆಗೆಸೆದಳು. "ಕ್ರೆಸೆನ್ಸಿಯೊ ಆ ವರ್ಷ ಹೋಗಲ್ಲ ಅಂದಿದ್ದ. ಸೋರ್ತಿದೆ, ಮಾಡಿಗೆ ತಗಡು ಹಾಕ್ಸು ಅಂತ ನಾನೇ ದಿನಾ ಪೀಡಿಸ್ತಿದ್ದೆ. ಯಾರಿಗೆ ಹೇಳ್ಲಿ? ನೀನು ಸುಳ್ಳು ಹೇಳಿದಾಗ ನಿನ್ನ ಮುಖದಲ್ಲಿ ನನ್ನ ಮುಖ ಕಾಣಿಸ್ತು. ಅದಕ್ಕೇ ಬಿತ್ತಿದೆ." ಕೈಯ ಮಣ್ಣು ಕೊಡವಿ ಸೇರಿಸಿದಳು, "ಈಗ ಎದ್ದು ರೊಟ್ಟಿ ತಟ್ಟು. ಹಸಿವಾಗಿದೆ."

ಪೆತ್ರೋನಾ ಆಮೇಲೆ ಎರಡು ವರ್ಷ ಬದುಕಿದ್ದಳು. ಅಷ್ಟರಲ್ಲಿ ಹಿತ್ತಿಲ ಗಿಡಗಳು ನಾನೂರು ದಾಟಿದ್ದವು. ದೊನ್ ರುಫೀನೊ ಮೊದಲ ಕಟ್ಟನ್ನು ತಿರುವಿ ತಿರುವಿ ನೋಡಿ, ಚುಕ್ಕೆ ಹುಡುಕಿ ಸಿಗದೆ, "ಇದು ಯಾವ ಕಾಡಿಂದು?" ಎಂದು ಕೇಳಿದ್ದ. "ನಮ್ಮತ್ತೆ ಕಾಡಿಂದು," ಎಂದಿದ್ದಳು ಕಾಂದೆಲಾರಿಯ.

ಎವೇಲಿಯೊ ಇನ್ನೂ ಗಡಿ ದಾಟುತ್ತಿದ್ದ. ಅವನಿಗೆ ಆ ವರ್ಷವಷ್ಟೇ ಮದುವೆಯಾಗಿತ್ತು. ಹುಡುಗಿಯ ಹೆಸರು ದೆಲ್ಫೀನಾ. ಒಂದು ಬೆಳಿಗ್ಗೆ ಕಾಂದೆಲಾರಿಯ ಮೂವತ್ತು ಸಸಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಅವರ ಮನೆಗೆ ಹೋದಳು. ಎವೇಲಿಯೊ ಕಾಡಿಗೆ ಹೊರಡಲು ಜೋಲಿ ಸುತ್ತಿ ಕಟ್ಟುತ್ತಿದ್ದ.

"ಅಕ್ಕಾ, ಇವು ಗರಿ ಕೊಡೋಕೆ ಮೂರ್ನಾಲ್ಕು ವರ್ಷ ಬೇಕು. ಅಲ್ಲೀವರೆಗೆ ಏನು ತಿನ್ನೋಣ, ಮಣ್ಣಾ?"

ಅವಳು ಬುಟ್ಟಿಯನ್ನು ಕೆಳಗಿಟ್ಟಳು. "ಹೋಗೋದಾದ್ರೆ ಒಬ್ಬನೇ ಬಿಡಾರ ಬಿಟ್ಟು ಹೋಗ್ಬೇಡ," ಎಂದಷ್ಟೇ ಅಂದಳು. ಅವನು ತಲೆಯಾಡಿಸಿ ಹೇಸರಗತ್ತೆಯ ಹಗ್ಗ ಹಿಡಿದು ಹೊರಟ.

ದೆಲ್ಫೀನಾ ಬೇಲಿಯ ಹತ್ತಿರ ನಿಂತು ಅವನು ಹೋದ ದಾರಿಯನ್ನೇ ನೋಡುತ್ತಿದ್ದಳು. ಕೈ ಬೇಲಿಗಳುವನ್ನು ಬಿಗಿಯಾಗಿ ಹಿಡಿದಿತ್ತು. ಕಾಂದೆಲಾರಿಯ ಅವಳಿಗೆ ಧೈರ್ಯ ಹೇಳಲು ಹೋಗಲಿಲ್ಲ. ಹೇಳಿದರೂ ಯಾವುದೂ ಒಳಗೆ ಇಳಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬುಟ್ಟಿಯಿಂದ ಒಂದು ಸಸಿ ಎತ್ತಿ ಹುಡುಗಿಯ ಕೈಗೆ ಕೊಟ್ಟಳು.

"ಬಾ, ನೆರಳು ಎಲ್ಲಿದೆ ತೋರಿಸು. ಬಿಸಿಲೇರೋ ಮೊದಲು ನೆಟ್ಟುಬಿಡೋಣ."

ಇಬ್ಬರೂ ಹಿತ್ತಿಲಿಗೆ ಹೋದರು. ದೆಲ್ಫೀನಾ ಒಂದೊಂದು ಗುಂಡಿ ತೋಡಿದಾಗಲೂ ತಲೆಯೆತ್ತಿ ದಾರಿಯ ಕಡೆ ನೋಡುತ್ತಿದ್ದಳು. ಕಾಂದೆಲಾರಿಯ ಅದನ್ನು ಕಂಡೂ ಕಾಣದಂತೆ, ಮುಂದಿನ ಗುಂಡಿಗೆ ಒಂದು ಮಾರು ಅಳೆದಳು.